ಟ್ಯಾಂಪಿನೀಸಿನಲ್ಲಿ ಇಬ್ಬರು ನಾಯಕರು ಮತ್ತು ಚಿಕ್ಕತಾಯಮ್ಮ

ಚಾಂಗಿ

ಮೂವತ್ನಾಲ್ಕು ವರ್ಷ ಸೀಮೆಸುಣ್ಣ ಹಿಡಿದು ಸವೆದ ನನ್ನ ಹೆಬ್ಬೆರಳನ್ನು ಸಿಂಗಪುರದ ವಿಮಾನ ನಿಲ್ದಾಣದ ಯಂತ್ರ ಬೆರಳೆಂದೇ ಒಪ್ಪಲಿಲ್ಲ. ಒತ್ತಿದೆ, ಉಜ್ಜಿದೆ, ಸೆರಗಿಗೆ ಒರೆಸಿ ಮತ್ತೆ ಒತ್ತಿದೆ. ಗಾಜಿನ ಬಾಗಿಲು ಜಪ್ಪಯ್ಯ ಎಂದರೂ ತೆರೆಯಲಿಲ್ಲ. ಹಿಂದೆ ನಿಂತವರು ಯಾರೂ ಗೊಣಗಲಿಲ್ಲ, ಪಕ್ಕದಿಂದ ನುಗ್ಗಲಿಲ್ಲ. ನನಗೆ ಹೆಚ್ಚು ಗಾಬರಿ ಹುಟ್ಟಿಸಿದ್ದು ಅದೇ. ನಮ್ಮಲ್ಲಾದರೆ ಅಷ್ಟು ಹೊತ್ತಿಗೆ ನಾಲ್ಕು ಜನ ಸೇರಿ ನನ್ನ ಬೆರಳು ಹಿಡಿದು ತಾವೇ ಒತ್ತಿರುತ್ತಿದ್ದರು.

ಕೊನೆಗೆ ತಲೆವಸ್ತ್ರ ಕಟ್ಟಿದ್ದ ಸಿಬ್ಬಂದಿಯೊಬ್ಬಳು ಬಂದು ನನ್ನ ಬೆರಳನ್ನು ಒದ್ದೆ ಟಿಶ್ಯೂವಿನಲ್ಲಿ ಮಗುವಿನ ಮೂಗು ಒರೆಸಿದಂತೆ ಒರೆಸಿದಳು. "ಆಂಟಿ, ಹಾಲಿಡೇ ಆ?" ಎಂದಳು. ಅಷ್ಟು ಹೊತ್ತು ಬೆವೆತಿದ್ದ ನಾನು ತಲೆಯಲ್ಲಿದ್ದುದನ್ನೇ ಬಾಯಲ್ಲಿ ಹೇಳಿಬಿಟ್ಟೆ: "ಸ್ಲೇವರಿ." ಅವಳು ಒಂದು ಗಳಿಗೆ ನನ್ನನ್ನೂ ನನ್ನ ಹತ್ತಿ ಸೀರೆಯನ್ನೂ ಚಟ್ನಿಪುಡಿಯ ಚೀಲವನ್ನೂ ನೋಡಿದಳು. ಆಮೇಲೆ ಬಾಗಿಲು ತೆರೆಯಿತು. ಯಂತ್ರಕ್ಕೂ ಕನಿಕರ ಬಂದಿರಬೇಕು.

ನಾನು ಬಂದದ್ದು ನಿಜವಾಗಿಯೂ ಗುಲಾಮಗಿರಿಯ ವಿಷಯಕ್ಕೇ. ಹಾಸನದ ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದ ಸೌಮ್ಯ ಈಗ ಇಲ್ಲಿಯ ಟ್ಯಾಂಪಿನೀಸ್ ಬಡಾವಣೆಯಲ್ಲಿ ಇದ್ದಾಳೆ. ಅವಳು ನಡೆಸುವ ಕನ್ನಡ ಓದುಗರ ಗುಂಪು ತಿಂಗಳಿಗೊಂದು ಶನಿವಾರ ಸೇರುತ್ತದೆ. "ಮೇಡಂ, ನೀವು ಕ್ಲಾಸಲ್ಲಿ ಮಾಡ್ತಿದ್ರಲ್ಲ, ಆ ಎರಡು ನಾವೆಲ್ ಕಂಪೇರ್ ಮಾಡೋ ಪಾಠ, ಅದನ್ನೇ ನಮ್ ಗ್ರೂಪಿಗೆ ಮಾಡಿ, ಪ್ಲೀಸ್" ಎಂದು ಫೋನಿನಲ್ಲಿ ಗೋಗರೆದಿದ್ದಳು. ನಿವೃತ್ತಿಯಾದ ಮೇಷ್ಟರಿಗೆ ಯಾರಾದರೂ ಪಾಠ ಮಾಡಿ ಎಂದರೆ ಸಾಕು, ಪಾಸ್‌ಪೋರ್ಟ್ ತಾನಾಗಿಯೇ ಕೈಗೆ ಬರುತ್ತದೆ.

ಎರಡೂ ಕಾದಂಬರಿಗಳಲ್ಲಿ ಗುಲಾಮರು ತೋಟ ಬಿಟ್ಟು ಹೊರಡುತ್ತಾರೆ. ಒಂದರಲ್ಲಿ ಅವರನ್ನು ನಡೆಸುವವನು ತಾನಾಗಿಯೇ ಮುಂದೆ ಬಂದವನು. ಇನ್ನೊಂದರಲ್ಲಿ ಬೇಡ ಬೇಡ ಎಂದು ಹಿಂಜರಿದವನು. ಹೆಸರುಗಳನ್ನು ಹೇಳುವುದಿಲ್ಲ, ನನ್ನ ಹಳೆಯ ವಿದ್ಯಾರ್ಥಿಗಳು ಅವನ್ನು ಪರೀಕ್ಷೆಗೆ ಓದಿ ಅಂದೇ ಮರೆತಿದ್ದಾರೆ, ಮತ್ತೆ ನೆನಪಿಸಿ ನೋಯಿಸುವುದೇಕೆ?

ಟ್ಯಾಂಪಿನೀಸ್, ಬೆಳಗ್ಗೆ

ಮನೆಯಲ್ಲಿ ಸೌಮ್ಯ, ಅವಳ ಗಂಡ ಕಿರಣ್, ಎಂಟು ವರ್ಷದ ಮಗಳು ಅನಘಾ, ಮತ್ತು ಕಿರಣನ ತಾಯಿ ಚಿಕ್ಕತಾಯಮ್ಮ. ನಂಜನಗೂಡು ಕಡೆಯವರು. ಹಾಸ್ಟೆಲ್ಲೊಂದರಲ್ಲಿ ಅಡುಗೆ ಮಾಡಿ ಮಗನನ್ನು ಎಂಜಿನಿಯರಿಂಗ್ ಓದಿಸಿದವರು. ಸಣ್ಣ ಆಳು. ನನಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು, ಆದರೆ ನಡಿಗೆಯಲ್ಲಿ ನನಗಿಂತ ಇಪ್ಪತ್ತು ವರ್ಷ ಚಿಕ್ಕವರು.

ಮಾರನೆಯ ದಿನ ಬೆಳಗ್ಗೆ ಅವರೇ ನನ್ನನ್ನು ಮಾರ್ಕೆಟ್ಟಿಗೆ ಕರೆದುಕೊಂಡು ಹೋದರು. ಅವರಿಗೆ ಇಂಗ್ಲಿಷ್ ಬರದು, ಚೀನಿ ಭಾಷೆಯಂತೂ ದೂರ. ತರಕಾರಿ ಮಾರುವ ಚೀನೀ ಹೆಂಗಸಿನ ಜೊತೆ ಅಚ್ಚ ನಂಜನಗೂಡಿನ ಕನ್ನಡದಲ್ಲಿ ಮಾತಾಡಿದರು. ಅವಳು ತನ್ನ ಭಾಷೆಯಲ್ಲಿ ಉತ್ತರ ಕೊಟ್ಟಳು. ಇಬ್ಬರೂ ನಕ್ಕರು. ಬುಟ್ಟಿಗೆ ಎರಡು ಬದನೆಕಾಯಿ ಹೆಚ್ಚಿಗೆ ಬಿದ್ದವು. ಇಂಗ್ಲಿಷಿನಲ್ಲಿ ಎಂ.ಎ. ಮಾಡಿದ ನಾನು ಕೊತ್ತಂಬರಿ ಸೊಪ್ಪು ಕೇಳಿದರೆ ಸೆಲರಿ ಸಿಕ್ಕಿತು.

ವಾಪಸ್ ಬರುವಾಗ ರಸ್ತೆ ದಾಟಬೇಕಿತ್ತು. ಸಿಗ್ನಲ್ಲಿನಲ್ಲಿ ಕೆಂಪು ಮನುಷ್ಯ. ರಸ್ತೆಯಲ್ಲಿ ಎಡಕ್ಕೂ ಬಲಕ್ಕೂ ಕಣ್ಣು ಹಾಯುವಷ್ಟು ದೂರ ಒಂದು ಸೈಕಲ್ಲೂ ಇಲ್ಲ. ಆದರೂ ಹತ್ತು ಹನ್ನೊಂದು ಜನ, ಜೊತೆಗೆ ಒಂದು ಬಿಳಿ ನಾಯಿ, ಶಿಸ್ತಾಗಿ ನಿಂತಿದ್ದರು. ನನ್ನೊಳಗಿನ ಭಾರತೀಯಳು ಎಚ್ಚೆತ್ತಳು. ಯಾರಾದರೂ ಒಬ್ಬರು ಹೆಜ್ಜೆ ಇಟ್ಟರೆ ಉಳಿದವರು ಬಂದೇ ಬರುತ್ತಾರೆ ಎಂಬ ಧೈರ್ಯದ ಮೇಲೆ ನಾನು ಕಾಲಿಟ್ಟೇಬಿಟ್ಟೆ. ಆ ಬದಿ ಮುಟ್ಟಿ ತಿರುಗಿ ನೋಡಿದರೆ ಒಬ್ಬರೂ ಬಂದಿಲ್ಲ. ಹನ್ನೊಂದು ಜನ ನನ್ನನ್ನೇ ನೋಡುತ್ತಿದ್ದಾರೆ. ನಾಯಿ ಕೂಡ.

ಚಿಕ್ಕತಾಯಮ್ಮ ಆ ಬದಿಯಿಂದ ಕೂಗಿದರು: "ನಾ ಬರಾಕಿಲ್ಲ ಮೇಡಮ್ಮಾರೆ! ಆ ಕೆಂಪು ಮನ್ಸ ಇನ್ನೂ ನಿಂತವ್ನ!"

ಹಸಿರು ಮನುಷ್ಯ ಬರುವವರೆಗೆ ನಾನು ಅಲ್ಲಿ ಅಂಗಡಿಯ ಬೋರ್ಡು ಓದುವವಳಂತೆ ನಟಿಸಿದೆ. ಬೋರ್ಡು ಚೀನಿಯಲ್ಲಿತ್ತು.

ಹಾಕರ್ ಸೆಂಟರ್

ಶುಕ್ರವಾರ ಮಧ್ಯಾಹ್ನ ಸೌಮ್ಯ ನಮ್ಮಿಬ್ಬರನ್ನೂ ಊಟಕ್ಕೆ ಹಾಕರ್ ಸೆಂಟರಿಗೆ ಕರೆದೊಯ್ದಳು. ಒಂದೇ ದೊಡ್ಡ ಸೂರಿನಡಿ ಸಾಲಾಗಿ ಪುಟ್ಟ ಪುಟ್ಟ ಅಡುಗೆ ಅಂಗಡಿಗಳು, ನಡುವೆ ಮೇಜುಗಳು. ಖಾಲಿ ಮೇಜಿನ ಮೇಲೆ ಒಂದು ಟಿಶ್ಯೂ ಪೊಟ್ಟಣ ಇಟ್ಟು ಹೋದರೆ ಆ ಮೇಜು ನಿಮ್ಮದು. ಇದು ನಮ್ಮ ಸರ್ಕಾರಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆಯುವ ವಿದ್ಯೆಯ ಸಣ್ಣ ತಮ್ಮ ಎಂದು ನನಗೆ ತಕ್ಷಣ ಹೊಳೆಯಿತು. ಒಂದೇ ವ್ಯತ್ಯಾಸ: ಇಲ್ಲಿ ಟಿಶ್ಯೂವನ್ನು ಯಾರೂ ಕೆಳಗೆ ಬಿಸಾಡಿ ಜಗಳ ತೆಗೆಯುವುದಿಲ್ಲ.

ನನ್ನ ಉಪನ್ಯಾಸದ ಟಿಪ್ಪಣಿ ಕೈಯಲ್ಲೇ ಇತ್ತು. ನಲವತ್ತು ಹಾಳೆ, ನೀಲಿ ಶಾಯಿ, ಅಂಚುಗಳು ಹಳದಿಯಾಗಿದ್ದವು. ನಾಳೆಯ ಭಾಷಣವಲ್ಲವೇ, ಊಟದ ನಡುವೆ ಕಣ್ಣಾಡಿಸೋಣವೆಂದು ತಂದಿದ್ದೆ. ಊಟವಾದ ಮೇಲೆ ತಟ್ಟೆಗಳನ್ನು ನಾವೇ ಎತ್ತಿ ಒಂದು ಕಪಾಟಿನಲ್ಲಿ ಇಡಬೇಕು ಎಂದು ಸೌಮ್ಯ ಹೇಳಿದಾಗ ನನಗೆ ಎಷ್ಟು ಸಂತೋಷವಾಯಿತೆಂದರೆ, ಅವಳನ್ನು ಕೂರಿಸಿ, ಚಿಕ್ಕತಾಯಮ್ಮನವರನ್ನೂ ಕೂರಿಸಿ, ಮೂವರ ಟ್ರೇಗಳನ್ನೂ ನಾನೇ ಒಂದರ ಮೇಲೊಂದು ಪೇರಿಸಿ ಕಪಾಟಿನಲ್ಲಿಟ್ಟು ಬಂದೆ. ಇಂಥ ಶಿಸ್ತು ನಮ್ಮ ಹಾಸನಕ್ಕೆ ಯಾವಾಗ ಬರುತ್ತದೋ ಎಂದು ಮನೆ ತಲುಪುವವರೆಗೂ ಉಪದೇಶ ಮಾಡಿದೆ.

ಮನೆ ತಲುಪಿದ ಮೇಲೆ ಗೊತ್ತಾಯಿತು: ನಲವತ್ತು ಹಾಳೆಗಳೂ ಟ್ರೇಯ ಜೊತೆ ಹೋಗಿವೆ.

ಓಡಿದೆವು. ಓಡುವುದರಲ್ಲೂ ಚಿಕ್ಕತಾಯಮ್ಮನೇ ಮುಂದೆ. ಕಪಾಟಿನ ಹತ್ತಿರ ತಟ್ಟೆ ತೊಳೆಯಲು ಒಯ್ಯುವ ವಯಸ್ಸಾದ ಚೀನೀ ಅಂಕಲ್ ನನ್ನನ್ನು ನೋಡಿದ್ದೇ ಕೈ ಬೀಸಿ ಒಳಗೆ ಕರೆದರು. ಅಲ್ಲಿ ಫ್ಯಾನಿನ ಕೆಳಗೆ, ಒಂದು ಮೇಜಿನ ಉದ್ದಕ್ಕೂ, ನನ್ನ ಹಾಳೆಗಳನ್ನು ಒಂದೊಂದಾಗಿ ಒರೆಸಿ ಹರಡಿದ್ದರು. ಹಾರದಿರಲೆಂದು ಪ್ರತಿ ಹಾಳೆಯ ಮೇಲೂ ಸೂಪಿನ ಚಮಚ. ಅವರು ಕನ್ನಡ ಅಕ್ಷರಗಳನ್ನು ತೋರಿಸಿ, "ಸೋ ಬ್ಯೂಟಿಫುಲ್, ಆಲ್ ರೌಂಡ್ ರೌಂಡ್" ಎಂದರು. ಆಮೇಲೆ ಮುಖ ಸಣ್ಣಗೆ ಮಾಡಿಕೊಂಡು ಉಳಿದ ಹಾಳೆಗಳನ್ನು ತೋರಿಸಿದರು. ಅರ್ಧಕ್ಕರ್ಧ ಯಾರದೋ ನೂಡಲ್ಸ್ ಸೂಪಿನಲ್ಲಿ ಮುಳುಗಿ ಶಾಯಿಯೆಲ್ಲ ಕದಡಿಹೋಗಿತ್ತು. ನನಗಿಂತ ಅವರೇ ಹೆಚ್ಚು ನೊಂದಂತಿತ್ತು. ನಾನು ಕೈ ಮುಗಿದೆ, ಅವರೂ ಮುಗಿದರು.

ಮನೆಗೆ ಬಂದು ನೋಡಿದರೆ ಉಳಿದದ್ದು ತಾನಾಗಿ ಮುಂದೆ ಬಂದವನ ಭಾಗ. ಒಲ್ಲೆ ಎಂದವನು ಸೂಪಿನಲ್ಲಿ ಹೋಗಿದ್ದ.

"ಅಜ್ಜಿ, ಹೀ ಡೋಂಟ್ ವಾಂಟ್ ಟು ಕಮ್ ಲಾ," ಎಂದಳು ಅನಘಾ.

ವಾಯ್ಡ್ ಡೆಕ್

ಇಲ್ಲಿಯ ಬಹುಮಹಡಿ ವಸತಿ ಕಟ್ಟಡಗಳ ಕೆಳ ಅಂತಸ್ತನ್ನು ಗೋಡೆಯಿಲ್ಲದೆ ಖಾಲಿ ಬಿಟ್ಟಿರುತ್ತಾರೆ. ಅದೇ ವಾಯ್ಡ್ ಡೆಕ್. ಕಂಬಗಳು, ಚದುರಂಗದ ಕಲ್ಲುಮೇಜು, ಧಾರಾಳ ಗಾಳಿ. ಮದುವೆಯೂ ಇಲ್ಲೇ, ಸಾವಿನ ಕಾರ್ಯವೂ ಇಲ್ಲೇ ಎಂದಳು ಸೌಮ್ಯ. ನನ್ನ ಭಾಷಣ ಎರಡರಲ್ಲಿ ಯಾವುದಾಗುತ್ತದೋ ಎಂದುಕೊಂಡೆ. ಸುಮಾರು ಇಪ್ಪತ್ತು ಜನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಚಿಕ್ಕತಾಯಮ್ಮ ಉಪ್ಪಿಟ್ಟಿನ ಪಾತ್ರೆಯ ಪಕ್ಕ. ಕಿರಣ್ ಹಿಂದೆ ಕಂಬಕ್ಕೆ ಒರಗಿ ನಿಂತಿದ್ದ.

ಮೊದಲ ಅರ್ಧ ಸಲೀಸಾಗಿ ಹೋಯಿತು. ಮೊದಲ ಕಾದಂಬರಿಯ ನಾಯಕ ಕಬ್ಬಿನ ತೋಟದ ಕಮ್ಮಾರ; ಮೊದಲ ಅಧ್ಯಾಯದಲ್ಲೇ ಎದ್ದು ನಿಂತು ನಾನು ನಡೆಸುತ್ತೇನೆ ಎನ್ನುತ್ತಾನೆ. ಲೇಖಕ ಅವನಿಗೆ ಎತ್ತರ ಕೊಟ್ಟಿದ್ದಾನೆ, ಗುಡುಗಿನ ದನಿ ಕೊಟ್ಟಿದ್ದಾನೆ, ಆದರೆ ನಂಬಿಕೆ ಕೊಟ್ಟಿಲ್ಲ. ಪುಟಪುಟಕ್ಕೂ ಇವನಿಗೆ ಅಹಂಕಾರವೇ ಎಂಬ ಅನುಮಾನ. ಕೊನೆಗೆ ನೇಣಿಗೂ ಹಾಕಿಸುತ್ತಾನೆ. "ಇದು ಅನ್ಯಾಯ," ಎಂದೆ ನಾನು, ಕ್ಲಾಸಿನಲ್ಲಿ ಹೇಳುತ್ತಿದ್ದ ಹಾಗೆಯೇ. "ನಿನ್ನ ಮೈ ಕೂಡ ನಿನ್ನದಲ್ಲ ಎಂದು ಹುಟ್ಟಿನಿಂದ ಕೇಳಿಸಿಕೊಂಡವನು ನನಗೆ ಇಂಥದ್ದು ಬೇಕು ಎನ್ನುವುದೇ ದೊಡ್ಡ ಬಂಡಾಯ. ಅಧಿಕಾರದಲ್ಲಿ ಇರುವವರ ಆಸೆಗೂ ಅವನ ಆಸೆಗೂ ಒಂದೇ ತಕ್ಕಡಿ ಹಿಡಿಯಬಾರದು."

ಆಮೇಲೆ ಎರಡನೆಯವನು. ಹತ್ತಿ ತೋಟದ ಅಡುಗೆಯವನು. ಮಂಡಿನೋವು, ತೊದಲು, ಹಸುಗೂಸಾದ ಮಗಳು. ಜನ ಮೂರು ಸಲ ಬಂದು ಕೇಳುತ್ತಾರೆ, ಮೂರು ಸಲವೂ ಒಲ್ಲೆ ಎನ್ನುತ್ತಾನೆ. ಓದುಗರಿಗೆ ಇವನೇ ಪ್ರೀತಿ. ಯಾಕೆ? ನನ್ನ ಹಾಳೆಯಲ್ಲಿ ಇದಕ್ಕೆ ಎಂಟು ಕಾರಣ ಬರೆದಿದ್ದೆ. ಈಗ ನೂಡಲ್ಸಿನ ವಾಸನೆ ಮಾತ್ರ ಉಳಿದಿತ್ತು. ಮರೆತಾಗ ಎಲ್ಲ ಮೇಷ್ಟರೂ ಮಾಡುವ ಉಪಾಯವನ್ನೇ ನಾನೂ ಮಾಡಿದೆ: ಪ್ರಶ್ನೆಯನ್ನು ಕ್ಲಾಸಿನ ಕಡೆ ದಾಟಿಸಿದೆ.

"ನೀವೇ ಹೇಳಿ. ಅವನು ಯಾಕೆ ಒಲ್ಲೆ ಎನ್ನುತ್ತಾನೆ?"

ಎಲ್ಲರೂ ಚಪ್ಪಲಿ ನೋಡಿಕೊಂಡರು. ಪಾಠ ಯಾವ ದೇಶದಲ್ಲಿ ಮಾಡಿದರೂ ಇಷ್ಟೇ.

ಉಪ್ಪಿಟ್ಟಿನ ಕಡೆಯಿಂದ ದನಿ ಬಂತು. "ಅವುನ್ನ ಯಾರೋ ಕೇಳುದ್ರಲ್ಲ, ಅದ್ಕೇ ಒಲ್ಲೆ ಅಂದ. ಕೇಳ್ದೇ ಇದ್ರ ಏನಂತಿದ್ದ?" ಚಿಕ್ಕತಾಯಮ್ಮ. "ನಮ್ಮವ್ವುನ್ನ ಯಾರೂ ಕೇಳ್ನೇ ಇಲ್ಲ."

ನಾನು, "ನಿಮ್ಮ ತಾಯಿನಾ?" ಎಂದೆ.

"ಊಂ. ಸಿದ್ದಮ್ಮ ಅಂತ. ನಾವು ಜೀತ್ದೋರು ಮೇಡಮ್ಮಾರೆ. ದೊಡ್ಡ ಮನೇಲಿ ಜೀತ."

ಕಂಬಕ್ಕೆ ಒರಗಿದ್ದ ಕಿರಣ್ ನೆಟ್ಟಗೆ ನಿಂತ. ಸೌಮ್ಯ ಅವನನ್ನು ನೋಡಿದಳು. ಇಬ್ಬರಿಗೂ ಈ ವಿಷಯ ಗೊತ್ತಿಲ್ಲ ಎಂಬುದು ಅವರ ಮುಖದಲ್ಲೇ ಇತ್ತು. ಚಿಕ್ಕತಾಯಮ್ಮ ಸೌಟು ಹಿಡಿದೇ ಹೇಳುತ್ತ ಹೋದರು, ಮಾರ್ಕೆಟ್ಟಿನಲ್ಲಿ ಬದನೆಕಾಯಿ ಕೇಳಿದಷ್ಟೇ ಸಲೀಸಾಗಿ.

"ನಂಗಾಗ ಆರ್ ವರ್ಷ. ನಾಳೆಯಿಂದ ನಿನ್ನ ಮಗ್ಳುನ್ನೂ ದನಿನ್ ಕೊಟ್ಗೆಗ ಕಳ್ಸು ಅಂದ್ರು ದೊಡ್ಡ ಮನೆಯೋರು. ನಮ್ಮವ್ವ ಏನೂ ಅನ್ನಿಲ್ಲ. ಬೆಳಗ್ಗೆ ಎಲ್ಡು ಬಿಂದ್ಗ ತಕ್ಕೊಂಡು ನೀರಿಗ್ ಹೊಂಟ್ಲು. ನಾನು ಸೆರಗ ಹಿಡ್ಕೊಂಡಿದ್ದಿ. ಕೆರೆ ಏರಿ ಮ್ಯಾಲ ಬಿಂದ್ಗ ಮಡಗುದ್ಲು. ನೀರ್ಗ ಇಳೀನಿಲ್ಲ. ಹಂಗೇ ನಡ್ದ್ಲು. ಸುಮಾರ್ ದೂರ ಹೋದ್ಮ್ಯಾಲ ತಿರ್ಗಿ ನೋಡುದ್ರ, ಹಿಂದ ಇನ್ನಿಬ್ರು ಹೆಂಗುಸ್ರು ಬತ್ತಾವ್ರ. ಅವ್ರ ಹಿಂದ ದನ ಕಾಯೋನು. ಅವ್ನ ಹಿಂದ ಇನ್ನೂ ನಾಕ್ ಜನ. ಏಳ್ ಜನ!"

"ಅವರಿಗೆ ಮೊದಲೇ ಹೇಳಿದ್ರಾ?" ಎಂದು ಯಾರೋ ಕೇಳಿದರು.

"ಎಲ್ಲಿಯಾ! ನಮ್ಮವ್ವುನ್ಗ ಸಿಟ್ ಬಂದ್ಬುಡ್ತು. ಏಯ್, ನನ್ನ ಹಿಂದ ಯಾಕ್ ಬತ್ತೀರಿ, ವಾಪಸ್ ಹೋಗಿ ಅಂತ ಬಯ್ದ್ಲು. ಹೋಗ್ನಿಲ್ಲ. ಮಣ್ ಹೆಂಟೆ ತಕ್ಕೊಂಡು ಹೊಡುದ್ಲು ಅವ್ರಿಗ. ಅವ್ರು ಬಗ್ಗಿ ತಪ್ಪುಸ್ಕೊಳ್ಳದು, ಬರದು. ಇವ್ಳು ಹೊಡಿಯದು, ನಡಿಯದು!"

ಎಲ್ಲರೂ ನಕ್ಕರು. ಅವರೂ ನಕ್ಕರು. ಆಮೇಲೆ ಸೌಟನ್ನು ಪಾತ್ರೆಯೊಳಗೆ ಇಟ್ಟರು.

"ಅಷ್ಟೊತ್ಗ ಸೈಕಲ್ ಮ್ಯಾಲ ದೊಡ್ಡ ಮನೆ ಆಳ್ಗಳು ಬಂದ್ರು. ನಮ್ಮವ್ವ ಒಬ್ಳೇ ಆಗಿದ್ರ ನನ್ ಎತ್ಕೊಂಡು ಹೊಲ್ದೊಳಕ್ಕ ಓಡೋಗೋಳು. ಹಿಂದ ಏಳ್ ಜನ ಅವ್ರಲ್ಲ, ಓಡಕ್ಕಾಗ್ನಿಲ್ಲ. ನಿಂತ್ಕೊಂಡ್ಲು. ಬಿಂದ್ಗ ಏರಿ ಮ್ಯಾಲ ಅವ, ಎತ್ಕೊಂಡ್ ಹೋಗಿ ಅಂದ್ಲು. ಅಷ್ಟೇ ಅಂದದ್ದು."

"ಹೊಡೆದ್ರಾ?" ಎಂದೆ ನಾನು. ಕೇಳಬಾರದಿತ್ತೇನೋ.

"ಹೊಡುದ್ರು. ಮುಂದಿನ ಹಲ್ಲು ಹೋಯ್ತು. ಆದ್ರ ಎಂಟು ಜನಾನೂ ಅಲ್ಲೇ ರೋಡಿನ್ ಮ್ಯಾಲ ಕೂತ್ಬುಟ್ರು. ಒಬ್ರೂ ಏಳ್ನಿಲ್ಲ. ಬಸ್ ಬಂತು, ನಿಂತ್ಕೊತು, ಬಸ್ನೋರೆಲ್ಲ ಇಳ್ದು ನೋಡುದ್ರು. ಅಷ್ಟು ಜನದ್ ಮುಂದ ಇನ್ನೆಷ್ಟು ಹೊಡ್ದಾರು? ಹೊಂಟೋದ್ರು. ನಾವು ನಂಜನಗೂಡ್ಗ ಹೋದೊ, ರೋಡ್ ಕೆಲ್ಸಕ್ಕ ಸೇರ್ಕೊಂಡೊ."

ಮುಂದಿನ ಸಾಲಿನಲ್ಲಿದ್ದ ನಾಗರಾಜ್ ಅಂಕಲ್, ಮಗಳ ಮನೆಗೆ ಬಂದಿದ್ದ ನಿವೃತ್ತ ಎಂಜಿನಿಯರು, ಗಂಟಲು ಸರಿಮಾಡಿಕೊಂಡರು. "ಎಲ್ಲರೂ ಹಂಗಿರ್ಲಿಲ್ಲಮ್ಮ. ನಮ್ಮನೇಲೂ ಆಳಿದ್ದ. ಮನೆಮಗನ ಥರ ನೋಡ್ಕೋತಿದ್ವಿ."

"ಒಳ್ಳೇದಾಯ್ತು ಕನಪ್ಪ," ಎಂದರು ಚಿಕ್ಕತಾಯಮ್ಮ. ಅವರ ದನಿಯಲ್ಲಿ ಕೊಂಕು ಇರಲಿಲ್ಲ, ನಿಜವಾದ ಕುತೂಹಲವೇ ಇತ್ತು. "ಹೆಸ್ರೇನು ಅವ್ನುದು?"

ಅಂಕಲ್ ಬಾಯಿ ತೆರೆದರು. ತೆರೆದೇ ಇದ್ದರು. ಆಮೇಲೆ ಕನ್ನಡಕ ತೆಗೆದು ಒರೆಸತೊಡಗಿದರು. ಗಾಳಿಗೆ ನನ್ನ ಹಾಳೆಗಳೆರಡು ಮೇಜಿನಿಂದ ಹಾರಿ ಲಿಫ್ಟಿನ ಕಡೆ ಹೋದವು. ನಾನು ಹಿಡಿಯಲು ಹೋಗಲಿಲ್ಲ.

ಚಿಕ್ಕತಾಯಮ್ಮನಿಗೇ ಮೊದಲು ಕನಿಕರ ಬಂತು. ಒಂದು ತಟ್ಟೆ ತುಂಬ ಉಪ್ಪಿಟ್ಟು ಹಾಕಿ ಅಂಕಲ್ಲಿಗೆ ತಾವೇ ತಂದುಕೊಟ್ಟರು. "ತಿನ್ನಿ. ಆಮ್ಯಾಲ ನೆಪ್ಪಾಯ್ತದ."

ಪಾಸಿರ್ ಪಂಜಾಂಗ್

ಕಿರಣ್ ಆ ದಿನ ಮನೆಯಲ್ಲಿ ಮಾತಾಡಲಿಲ್ಲ. ಭಾನುವಾರವೂ ಅಷ್ಟೇ. ಮೊಬೈಲ್ ನೋಡಿದ, ಟಿವಿ ನೋಡಿದ, ಬಾಲ್ಕನಿಯ ತುಳಸಿಗೆ ಮೂರು ಸಲ ನೀರು ಹಾಕಿದ. ನನಗೆ ಮೈಯೆಲ್ಲ ಮುಳ್ಳು. ಬೇರೆಯವರ ಮನೆಗೆ ಬಂದು, ಮರೆತ ಪಾಠಕ್ಕೊಂದು ಪ್ರಶ್ನೆ ಎಸೆದು, ಆ ಮನೆಯ ಅಡಿಪಾಯವನ್ನೇ ಅಲ್ಲಾಡಿಸಿದ ಹಾಗಾಗಿತ್ತು. ಟಿಕೆಟ್ ಮುಂಚಿನ ದಿನಕ್ಕೆ ಬದಲಾಯಿಸಲೇ ಎಂದು ಸೌಮ್ಯಳನ್ನು ಕೇಳಿದೆ. "ಸುಮ್ನಿರಿ ಮೇಡಂ, ಅವ್ನು ಪ್ರೊಸೆಸ್ ಮಾಡ್ತಿದಾನೆ," ಎಂದಳು. ನಮ್ಮ ಕಾಲದಲ್ಲಿ ಗಂಡಸರು ಮುನಿಸಿಕೊಂಡು ಊಟ ಬಿಡುತ್ತಿದ್ದರು. ಈಗ ಪ್ರೊಸೆಸ್ ಮಾಡುತ್ತಾರೆ. ಊಟ ಮಾತ್ರ ಬಿಡುವುದಿಲ್ಲ.

ಸೋಮವಾರ ಅವನೇ ಬಂದು, "ಅಮ್ಮ, ನನ್ನ ಆಫೀಸ್ ಕಡೆ ಹೋಗೋಣ್ವಾ? ಮೇಡಂ, ನೀವೂ ಬನ್ನಿ," ಎಂದ. ಅವನ ಕೆಲಸ ಪಾಸಿರ್ ಪಂಜಾಂಗಿನ ಹಡಗು ಕಂಪನಿಯೊಂದರಲ್ಲಿ. ಬಸ್ಸಿನಲ್ಲಿ ಶಿಫ್ಟಿಗೆ ಹೋಗುವವರು ಕೂತಲ್ಲೇ ನಿದ್ದೆ ಹೋಗಿದ್ದರು. ತಮ್ಮ ಸ್ಟಾಪು ಬಂದಾಗ ಮಾತ್ರ ಯಾರೂ ಎಬ್ಬಿಸದೆ ಕಣ್ಣು ಬಿಟ್ಟು ಇಳಿಯುತ್ತಿದ್ದರು. ಬಂದರು ಕಾಣುವ ಒಂದು ಏರಿನ ಮೇಲೆ ಬೆಂಚಿನಲ್ಲಿ ಕೂತೆವು. ಕೆಳಗೆ ಬಣ್ಣಬಣ್ಣದ ಕಂಟೇನರುಗಳು, ಜಿರಾಫೆಯಂಥ ಕ್ರೇನುಗಳು. ನಾನು ದೂರ ಸರಿಯಲು ಎದ್ದೆ. ಚಿಕ್ಕತಾಯಮ್ಮ ನನ್ನ ಕೈ ಎಳೆದು ಕೂರಿಸಿದರು.

"ಕಬ್ಬು ಅಂದಿದ್ದೆ ನೀನು," ಎಂದ ಕಿರಣ್. "ಅಜ್ಜಿ ಹಲ್ಲು ಕಬ್ಬು ಕಚ್ಚಿ ಮುರೀತು ಅಂದಿದ್ದೆ. ನಾನು ಚಿಕ್ಕೋನಿದ್ದಾಗ ಅಜ್ಜಿನ ಆಡ್ಕೋತಿದ್ದೆ ಅಮ್ಮ. ಕಬ್ಬಜ್ಜಿ, ಕಬ್ಬಜ್ಜಿ ಅಂತ."

"ಅವ್ಳಿಗ ಅದು ಬಲು ಇಷ್ಟ ಆಯ್ತಿತ್ತು."

"ಗೊತ್ತಿದ್ದಿದ್ರೆ ನಾನು ಹಂಗಂತಿದ್ನಾ?"

"ಅದ್ಕೇ ಹೇಳ್ನಿಲ್ಲ. ನೀನು ಹಂಗ್ ಅನ್ಲಿ ಅಂತ್ಲೇ." ಅವರು ಕ್ರೇನು ಒಂದು ಡಬ್ಬಿಯನ್ನು ಎತ್ತಿ ಹಡಗಿಗೆ ಇಡುವುದನ್ನು ಪೂರ್ತಿ ನೋಡಿದರು. "ಅವ್ಳು ಹಿಂದ ಬಂದೋರಿಗೇ ಹೆಂಟೆ ಹೊಡ್ದೋಳು. ನನ್ನ ಕತೆ ಹೊತ್ಕೊಂಡು ತಿರ್ಗು ಅಂತ ಮೊಮ್ಮಗುನ್ಗ ಹೇಳಾಳಾ? ನಗ್ಲಿ ಬುಡು ಅಂದ್ಲು."

"ಮತ್ತೆ ಮೊನ್ನೆ ಯಾಕೆ ಹೇಳ್ದೆ? ಅಷ್ಟು ಜನದ ಮುಂದೆ?"

ಚಿಕ್ಕತಾಯಮ್ಮ ನನ್ನ ಕಡೆ ಬೆರಳು ತೋರಿಸಿದರು. "ಈ ಮೇಡಮ್ಮಾರು ಕೇಳ್ಬುಟ್ಟು ಸುಮ್ನಾಗ್ಬುಟ್ರು. ಯಾರೂ ಉತ್ರ ಕೊಡ್ನಿಲ್ಲ. ಪಾಪ, ಅಷ್ಟು ದೂರದಿಂದ ಬಂದವ್ರ ಅನ್ನುಸ್ತು."

ಕಿರಣ್ ನಗಲು ಹೊರಟವನು ಅಳತೊಡಗಿದ. ನಲವತ್ತು ದಾಟಿದ ಗಂಡಸು, ಕೊರಳಲ್ಲಿ ಆಫೀಸಿನ ಗುರುತಿನ ಚೀಟಿ. ತಾಯಿ ಸೆರಗಿನಿಂದ ಅವನ ಮುಖ ಒರೆಸಿದರು. ಅವನು ಒರೆಸಿಕೊಂಡ. ಆಮೇಲೆ ಒಂದೊಂದಾಗಿ ಕೇಳತೊಡಗಿದ. ಆ ಏಳು ಜನ ಯಾರು? ದನ ಕಾಯುವವನು ಮುಂದೆ ಏನಾದ? ದನಗಳು? ದನಗಳು ತಾವಾಗಿಯೇ ಮನೆಗೆ ಹೋದವಂತೆ. ಅವುಗಳಿಗೆ ದೊಡ್ಡ ಮನೆಯಲ್ಲಿ ಹೊಟ್ಟೆ ತುಂಬ ಹುಲ್ಲು ಸಿಗುತ್ತಿತ್ತು ಎಂದರು ಚಿಕ್ಕತಾಯಮ್ಮ.

ನಾನು ಮೂವತ್ನಾಲ್ಕು ವರ್ಷ ಕಮ್ಮಾರನನ್ನೂ ಅಡುಗೆಯವನನ್ನೂ ತೂಗಿ ನೋಡಿದವಳು. ಇಬ್ಬರಿಗೂ ತಾವು ನಾಯಕರೆಂದು ಮೊದಲೇ ಗೊತ್ತಿತ್ತು; ಒಬ್ಬ ಹೌದೆಂದ, ಒಬ್ಬ ಬೇಡವೆಂದ. ತಿರುಗಿ ನೋಡುವವರೆಗೂ ಗೊತ್ತೇ ಇರದ ಒಬ್ಬಳಿಗೆ ನನ್ನ ನಲವತ್ತು ಹಾಳೆಗಳಲ್ಲಿ ಜಾಗವಿರಲಿಲ್ಲ. ಇದನ್ನು ಅಲ್ಲೇ ಹೇಳಬೇಕೆನಿಸಿತು. ಆದರೆ ಅವರಿಬ್ಬರೂ ಕ್ರೇನುಗಳ ಲೆಕ್ಕದ ಬಗ್ಗೆ ಜಗಳಕ್ಕೆ ಇಳಿದಿದ್ದರು. ಮೇಷ್ಟರು ಸುಮ್ಮನಿರುವುದನ್ನೂ ಕಲಿಯಬೇಕಲ್ಲ, ಕಲಿತೆ.

ಹೊರಡುವ ದಿನ

ಬುಧವಾರ ಬೆಳಗ್ಗೆ ತಿಂಡಿ ತಿನ್ನುವಾಗ ಸೌಮ್ಯಳಿಗೆ ನಾಗರಾಜ್ ಅಂಕಲ್ ಫೋನು ಬಂತು. ಅರಸೀಕೆರೆಯ ಅಕ್ಕನಿಗೆ ಕರೆ ಮಾಡಿ ಆ ಆಳಿನ ಹೆಸರು ವಿಚಾರಿಸಿದರಂತೆ. "ತಿಮ್ಮ ಅಂತೆ. ಅಕ್ಕಂಗೂ ಇಷ್ಟೇ ನೆನಪಿರೋದು. ಆ ತಾಯಿಗೆ ಹೇಳ್ಬಿಡಮ್ಮ," ಎಂದು ಇಟ್ಟುಬಿಟ್ಟರಂತೆ. ಸೌಮ್ಯ ಹೇಳಿದಾಗ ಚಿಕ್ಕತಾಯಮ್ಮ ದೋಸೆ ಮಗುಚುತ್ತಿದ್ದರು. "ತಿಮ್ಮ," ಎಂದು ಒಮ್ಮೆ ಹೇಳಿಕೊಂಡು ಮಗುಚಿದರು.

ಅದರ ಹಿಂದೆಯೇ ಓದುಗರ ಗುಂಪಿನ ಸಂದೇಶಗಳು ಟಿಣ್ ಟಿಣ್ ಎನ್ನತೊಡಗಿದವು. ಮುಂದಿನ ತಿಂಗಳೂ ಚಿಕ್ಕತಾಯಮ್ಮ ಆಂಟಿಯೇ ಮಾತಾಡಬೇಕು. ರೋಡ್ ಕೆಲಸದ ಕತೆ ಹೇಳಬೇಕು, ನಂಜನಗೂಡಿನ ಕತೆ ಹೇಳಬೇಕು, ಆ ಏಳು ಜನರ ಕತೆ ಹೇಳಬೇಕು. ಸಂದೇಶಕ್ಕೊಂದರಂತೆ ಕೈ ಮುಗಿದ ಚಿತ್ರ. ನನ್ನ ಭಾಷಣದ ಬಗ್ಗೆ ಒಬ್ಬರು ಮಾತ್ರ ಬರೆದಿದ್ದರು: ನೈಸ್.

"ಅತ್ತೆ, ಏನ್ ರಿಪ್ಲೈ ಮಾಡ್ಲಿ?" ಎಂದಳು ಸೌಮ್ಯ.

"ನಂಗಾಗಾಕಿಲ್ಲ ಕನವ್ವ. ಮೊನ್ನೆ ಏನೋ ಬಾಯ್ ತಪ್ಪಿ ಬಂತು. ಎಲ್ರೂ ಕೂತ್ಕೊಂಡು ನನ್ನೇ ನೋಡ್ತಿದ್ರ ನಾಲ್ಗೆ ಹೊರಳಾಕಿಲ್ಲ."

"ಸರಿ, ಬೇಡ ಅಂತ ಹಾಕ್ಬಿಡ್ತೀನಿ."

"ಹಾಕ್ಬುಡು."

ಕಾರು ಬರಲು ಇನ್ನೂ ಹತ್ತು ನಿಮಿಷವಿತ್ತು. ನನ್ನ ಪೆಟ್ಟಿಗೆಯ ಪಟ್ಟಿ ಬಿಗಿಯುತ್ತಿದ್ದ ಕಿರಣ್ ತಲೆ ಎತ್ತದೆಯೇ ಹೇಳಿದ: "ಅಮ್ಮ, ನಾನು ಪಕ್ಕದಲ್ಲೇ ಕೂತಿರ್ತೀನಿ. ನೀನು ನನಗೊಬ್ಬನಿಗೇ ಹೇಳು. ಮಿಕ್ಕೋರು ಕೇಳಿಸ್ಕೊಂಡ್ರೆ ಕೇಳಿಸ್ಕೊಳ್ಲಿ."

ಚಿಕ್ಕತಾಯಮ್ಮ ಒಲೆ ಆರಿಸಿದರು, ಹೆಂಚು ಕೆಳಗಿಟ್ಟರು, ಕೈ ತೊಳೆದು ಸೆರಗಿಗೆ ಒರೆಸಿಕೊಂಡರು. ಆಮೇಲೆ ನನ್ನ ಹತ್ತಿರ ಬಂದು, ಮಗ ಸೊಸೆಗೆ ಕೇಳದಂತೆ ದನಿ ತಗ್ಗಿಸಿದರು.

"ಮೇಡಮ್ಮಾರೆ, ಅದ್ಕ ಯಾವ ಸೀರ ಉಟ್ಕೊಳ್ಲಿ?"